ಸಂಪಾದಕರು ದಿಲ್ಲಿಗೆ ಹೋದಾಗ

ಪತ್ರಕರ್ತ ರಾಜಕಾರಣಕ್ಕೆ ಇಳಿದರೆ ಅವನು ಏನಾದ ಎಂಬುದನ್ನು ಎಲ್ಲರೂ ಬರೆಯುತ್ತಾರೆ. ಅವನು ಬಿಟ್ಟೆದ್ದ ಕುರ್ಚಿಯಲ್ಲಿ ಆಮೇಲೆ ಯಾರು ಕೂತರು ಎಂಬ ಸುದ್ದಿಗೆ ಮಾತ್ರ ಜಾಗ ಸಿಗುವುದಿಲ್ಲ.

*

ನಮ್ಮ ಕಡೆ ಈ ವಿಷಯ ಎತ್ತಿದರೆ ಮೊದಲು ನೆನಪಾಗಬೇಕಾದವರು ರಂಗನಾಥ ರಾಮಚಂದ್ರ ದಿವಾಕರ. 1894ರ ಸೆಪ್ಟೆಂಬರ್ 30ರಂದು ಧಾರವಾಡದಲ್ಲಿ ಹುಟ್ಟಿದರು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು ಆ ಕೆಲಸ ಬಿಟ್ಟು 1921ರಲ್ಲಿ ‘ಕರ್ಮವೀರ’ ಹೊರಡಿಸಿದರು. ಮುಂದೆ ‘ಸಂಯುಕ್ತ ಕರ್ನಾಟಕ’ವನ್ನು ಕಟ್ಟಿದವರಲ್ಲಿ ಒಬ್ಬರಾದರು. 1930ರಿಂದ 1942ರವರೆಗೆ ಕರ್ನಾಟಕ ಪ್ರಾಂತ ಕಾಂಗ್ರೆಸ್ಸಿನ ಅಧ್ಯಕ್ಷರು, ಆಮೇಲೆ ಸಂವಿಧಾನ ಸಭೆಯ ಸದಸ್ಯರು, ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ಮಂತ್ರಿ, 1952ರಿಂದ ಐದು ವರ್ಷ ಬಿಹಾರದ ರಾಜ್ಯಪಾಲರು, 1962ರಿಂದ ರಾಜ್ಯಸಭೆಯ ನಾಮಕರಣ ಸದಸ್ಯರು. ತೀರಿಕೊಂಡದ್ದು 1990ರ ಜನವರಿಯಲ್ಲಿ. ಹುದ್ದೆಗಳ ಲೆಕ್ಕ ಇಲ್ಲಿಗೇ ಸಾಕು. ಹುದ್ದೆಗಳನ್ನು ಎಣಿಸುತ್ತ ಹೋದರೆ ಮನುಷ್ಯ ತಪ್ಪಿಸಿಕೊಳ್ಳುತ್ತಾನೆ.

*

ಅಂದಿನ ಸಂಪಾದಕನಿಗೆ ರಾಜಕಾರಣ ಅಂದರೆ ಬಡ್ತಿಯಾಗಿರಲಿಲ್ಲ, ಬಂಧನವಾಗಿತ್ತು.

*

1921ರ ಧಾರವಾಡ ಸುಮ್ಮನೆ ಕೂತ ಊರಲ್ಲ. ಜುಲೈ 1ರಂದು ಹೆಂಡದಂಗಡಿಯ ಮುಂದೆ ಪಿಕೆಟಿಂಗ್ ನಡೆದಾಗ ಪೊಲೀಸರು ಗುಂಡು ಹಾರಿಸಿದರು, ಮೂವರು ಸತ್ತರು. ಅದೇ ವರ್ಷ ಅದೇ ಊರಿನಲ್ಲಿ ಒಂದು ವಾರಪತ್ರಿಕೆ ಹುಟ್ಟುತ್ತದೆ ಎಂದರೆ ಅದು ಅಡಿಕೆ ಧಾರಣೆ ಬರೆಯಲು ಹುಟ್ಟಿದ್ದಲ್ಲ. ‘ಕರ್ಮವೀರ’ದ ಬರಹಗಳಿಗಾಗಿ ದಿವಾಕರರು ರಾಜದ್ರೋಹದ ಆರೋಪ ಹೊತ್ತು ಜೈಲಿಗೆ ಹೋದರು. ಒಳಗೂ ಪೆನ್ನು ಬಿಡಲಿಲ್ಲ. ಸೆರೆವಾಸದಿಂದ ಅವರು ಹೊರತಂದದ್ದು ದೂರಿನ ಪಟ್ಟಿಯನ್ನಲ್ಲ, ಆತ್ಮಶೋಧನೆಯ ಬರಹವನ್ನು. ಪತ್ರಕರ್ತನೊಬ್ಬನಿಗೆ ಡೆಡ್‌ಲೈನ್ ಇಲ್ಲದ ದಿನಗಳು ಸಿಗುವುದು ಅಪರೂಪ. ಸರ್ಕಾರ ಬಲವಂತವಾಗಿ ಕೊಟ್ಟ ರಜೆಯನ್ನು ಅವರು ಚೆನ್ನಾಗಿ ಬಳಸಿಕೊಂಡರು.

*

ಜೈಲಿಗೆ ಹೋದವರೆಲ್ಲ ಒಳ್ಳೆಯ ಮಂತ್ರಿಗಳಾಗಬೇಕೆಂದಿಲ್ಲ. ಆದರೆ ಜೈಲು ಕಂಡವನು ಮಂತ್ರಿಯಾದ ಮೇಲೆ ಸಹಿ ಹಾಕುವಾಗ ಅರೆಕ್ಷಣ ಕೈ ತಡೆಯಬೇಕು. ತಡೆಯಿತೋ ಇಲ್ಲವೋ ಫೈಲಿನಲ್ಲಿ ಕಾಣುವುದಿಲ್ಲ.

*

ಭೂಗತರಾಗುವುದು ಪತ್ರಕರ್ತನಿಗೆ ಒಗ್ಗದ ಕೆಲಸ. ಅವನ ಕಸುಬೇ ಹೆಸರು ಹಾಕಿ ಬರೆಯುವುದು. 1942ರ ಚಳವಳಿಯಲ್ಲಿ ದಿವಾಕರರು ಪೊಲೀಸರ ಕಣ್ಣು ತಪ್ಪಿಸಿ ಎರಡು ವರ್ಷ ಓಡಾಡಿದರು. ಗಾಂಧೀಜಿ ಬಿಡುಗಡೆಯಾಗಿ ಬಂದು, ಮರೆಯಲ್ಲಿರುವುದು ಸತ್ಯಾಗ್ರಹಕ್ಕೆ ಸಲ್ಲದು ಎಂಬ ನಿಲುವು ತಾಳಿದ ಮೇಲೆ 1944ರಲ್ಲಿ ತಾವಾಗಿ ಹೊರಬಂದರು. ಸತ್ಯಾಗ್ರಹದ ತಂತ್ರ ಮತ್ತು ಚರಿತ್ರೆಯ ಬಗ್ಗೆ ಮುಂದೆ ಪುಸ್ತಕ ಬರೆದದ್ದೂ ಇವರೇ. ಎರಡೂ ಬದಿಯನ್ನು ನಡೆದು ನೋಡಿದವನ ಪುಸ್ತಕಕ್ಕೆ ಒಂದು ತೂಕ ಇರುತ್ತದೆ.

*

ದೇಶ ಸ್ವತಂತ್ರವಾದಾಗ ದಿಲ್ಲಿಯ ದೊಡ್ಡ ಮನೆಗಳ ತುಂಬ ಪತ್ರಿಕೆ ನಡೆಸಿದವರೇ ಇದ್ದರು. ‘ನ್ಯಾಷನಲ್ ಹೆರಾಲ್ಡ್’ ಶುರು ಮಾಡಿದವರು ಪ್ರಧಾನಿ. 1920ರಲ್ಲಿ ‘ಮೂಕನಾಯಕ’ವನ್ನು, 1927ರಲ್ಲಿ ‘ಬಹಿಷ್ಕೃತ ಭಾರತ’ವನ್ನು ಹೊರಡಿಸಿದ ಅಂಬೇಡ್ಕರ್ ಕಾನೂನು ಮಂತ್ರಿ. ಸಂವಿಧಾನದಲ್ಲಿ ಪತ್ರಿಕಾ ಸ್ವಾತಂತ್ರ್ಯವೆಂದು ಬೇರೆಯಾಗಿ ಯಾಕೆ ಬರೆದಿಲ್ಲ ಎಂಬ ಪ್ರಶ್ನೆ ಸಂವಿಧಾನ ಸಭೆಯಲ್ಲಿ ಎದ್ದಾಗ, ಸಂಪಾದಕನೂ ಒಬ್ಬ ಪ್ರಜೆಯೇ, ಪ್ರಜೆಗಿರುವ ಹಕ್ಕು ಅವನಿಗೂ ಇದೆ, ಬೇರೆ ಸಾಲು ಬೇಡ ಎಂಬ ಅರ್ಥದ ಉತ್ತರವನ್ನು ಅಂಬೇಡ್ಕರ್ ಕೊಟ್ಟರು. ತಾನೇ ಪತ್ರಿಕೆ ನಡೆಸಿ ಕೈಸುಟ್ಟುಕೊಂಡವನ ಮಾತು ಅದು. ನನಗೆ ಈ ಉತ್ತರ ಇವತ್ತಿಗೂ ಹಿಡಿಸುತ್ತದೆ. ಪತ್ರಕರ್ತನಿಗೆ ವಿಶೇಷ ಹಕ್ಕು ಕೊಟ್ಟ ದಿನ, ಯಾರು ಪತ್ರಕರ್ತ ಎಂದು ತೀರ್ಮಾನಿಸುವ ಹಕ್ಕೂ ಸರ್ಕಾರಕ್ಕೆ ಸೇರುತ್ತದೆ.

*

ಈಗ ಕಹಿ ಭಾಗ. 1950ರಲ್ಲಿ ಸುಪ್ರೀಂ ಕೋರ್ಟು ಎರಡು ಪತ್ರಿಕೆಗಳ ಪರವಾಗಿ ತೀರ್ಪು ಕೊಟ್ಟಿತು. ಒಂದು ಎಡಪಂಥದ ‘ಕ್ರಾಸ್ ರೋಡ್ಸ್’, ಇನ್ನೊಂದು ಬಲಪಂಥದ ‘ಆರ್ಗನೈಸರ್’. ಮರುವರ್ಷ ಜೂನ್‌ನಲ್ಲಿ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂತು; ಮಾತಿನ ಸ್ವಾತಂತ್ರ್ಯಕ್ಕೆ ಹಾಕಬಹುದಾದ ಬೇಲಿ ಹೆಚ್ಚಿತು. ಅದೇ ವರ್ಷ ಆಕ್ಷೇಪಾರ್ಹ ಬರಹಗಳನ್ನು ಹತ್ತಿಕ್ಕುವ ಪತ್ರಿಕಾ ಕಾಯ್ದೆಯೂ ಬಂತು. ಆಗ ವಾರ್ತಾ ಖಾತೆಯಲ್ಲಿ ಕೂತಿದ್ದವರು ‘ಕರ್ಮವೀರ’ದ ಸಂಪಾದಕರು. ಕಾಯ್ದೆ ತಂದದ್ದು ಗೃಹ ಖಾತೆಯ ರಾಜಾಜಿ, ನಿಜ. ಆದರೂ ಒಂದು ಸಂಪುಟವೆಂದರೆ ಒಂದೇ ಹೊಣೆ. ವಿದೇಶಿ ಸರ್ಕಾರ ತನ್ನ ಬರಹಕ್ಕೆ ಹಾಕಿದ ಕೋಳ ಮತ್ತು ತನ್ನದೇ ಸರ್ಕಾರ ಬೇರೆಯವರ ಬರಹಕ್ಕೆ ಹಾಕುವ ಕೋಳ, ಇವೆರಡರ ನಡುವೆ ವ್ಯತ್ಯಾಸ ಇದೆ ಎಂದು ಆ ತಲೆಮಾರು ನಂಬಿತ್ತು. ನಂಬಿಕೆ ಪ್ರಾಮಾಣಿಕವೇ ಇರಬಹುದು. ಕೋಳ ಹಾಕಿಸಿಕೊಂಡವನ ಕೈಗೆ ಆ ವ್ಯತ್ಯಾಸ ತಿಳಿಯುವುದಿಲ್ಲ.

*

ಅದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿದೆ. 1953ರ ಮೇ ತಿಂಗಳಲ್ಲಿ ಬಿಹಾರದ ಬರೌನಿಯಲ್ಲಿ ಕೇದಾರನಾಥ ಸಿಂಗ್ ಎಂಬವರು ಸರ್ಕಾರವನ್ನು ಬೈದು ಭಾಷಣ ಮಾಡಿದರು. ಅವರ ಮೇಲೆ ರಾಜದ್ರೋಹದ 124-ಎ ಕಲಂ ಹಾಕಲಾಯಿತು. ಆ ಮೊಕದ್ದಮೆ ಮೇಲೇರುತ್ತ 1962ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಾಯಿತು. ಕಲಂ ಉಳಿಯಿತು, ಹಿಂಸೆಗೆ ಇಲ್ಲವೇ ಸಾರ್ವಜನಿಕ ಅಶಾಂತಿಗೆ ಪ್ರಚೋದಿಸುವ ಮಾತಿಗಷ್ಟೇ ಅನ್ವಯಿಸಬೇಕೆಂಬ ಮಿತಿಯೊಂದಿಗೆ. ಮುಂದೆ ಅರವತ್ತು ವರ್ಷ ದೇಶದಲ್ಲಿ ರಾಜದ್ರೋಹದ ಮಾತು ಬಂದಾಗೆಲ್ಲ ವಕೀಲರು ತೆಗೆಯುತ್ತಿದ್ದದ್ದು ಇದೇ ಬಿಹಾರದ ತೀರ್ಪನ್ನು. ಆ ಭಾಷಣ ನಡೆದಾಗ ಪಾಟ್ನಾದ ರಾಜಭವನದಲ್ಲಿದ್ದವರು ದಿವಾಕರರು! ರಾಜ್ಯಪಾಲರಿಗೂ ಪೊಲೀಸ್ ಮೊಕದ್ದಮೆಗೂ ನೇರ ಸಂಬಂಧ ಇಲ್ಲ. ಅವರನ್ನು ದೂರಲು ಇದನ್ನು ಹೇಳುತ್ತಿಲ್ಲ. ಬ್ರಿಟಿಷರು ಬಿಟ್ಟು ಹೋದ ಕಾನೂನು ಎಷ್ಟು ಸಲೀಸಾಗಿ ಹೊಸ ಮನೆಯಲ್ಲಿ ಒಗ್ಗಿಕೊಂಡಿತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಿದರೂ ಸಿಗದು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಕಲಮನ್ನು ತಡೆಹಿಡಿಯಿತು. 2024ರ ಜುಲೈನಲ್ಲಿ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಅದರ ತಮ್ಮನೊಬ್ಬ 152 ಎಂಬ ಸಂಖ್ಯೆ ತೊಟ್ಟು ಕೂತಿದ್ದಾನೆ.

*

ಪತ್ರಿಕೆಯಲ್ಲಿ ಬರೆದದ್ದಕ್ಕೆ ಮರುದಿನ ತಿದ್ದುಪಡಿ ಹಾಕಬಹುದು. ಸಂವಿಧಾನಕ್ಕೆ ಹಾಕಿದ ತಿದ್ದುಪಡಿಗೆ ಮರುದಿನ ಬರುವುದಿಲ್ಲ.

*

ಹೊಗಳಬೇಕಾದದ್ದನ್ನೂ ಹೇಳಬೇಕು. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು, ದಿವಾಕರರು ವಾರ್ತಾ ಮಂತ್ರಿಯಾಗಿದ್ದಾಗ. ಮಂತ್ರಿ ತನ್ನೂರಿಗೆ ರೇಡಿಯೋ ತಂದುಕೊಂಡ ಎಂದು ಯಾರಾದರೂ ಅಂದರೆ ಅನ್ನಲಿ. ಅಕ್ಷರ ಬಾರದವನಿಗೆ ಪತ್ರಿಕೆ ಇದ್ದೂ ಇಲ್ಲದ್ದು. ಹುನಗುಂದ, ಬಾದಾಮಿ ಕಡೆಯ ಹಳ್ಳಿಗಳಲ್ಲಿ ಕಟ್ಟೆಯ ಮೇಲೆ ಕೂತ ಮುದುಕರಿಗೆ ಮಳೆಯ ಮುನ್ಸೂಚನೆ, ಬೀಜದ ಮಾತು, ಕಂಪನಿ ನಾಟಕದ ಹಾಡು ಒಟ್ಟಿಗೆ ತಲುಪಿದ್ದು ಆ ಪೆಟ್ಟಿಗೆಯಿಂದ. ಪತ್ರಕರ್ತ ಮಂತ್ರಿಯಾಗಿ ಮಾಡಬಹುದಾದ ಅತ್ಯುತ್ತಮ ಕೆಲಸ, ತನ್ನ ಪತ್ರಿಕೆ ತಲುಪದ ಮನೆಗೆ ದನಿ ತಲುಪಿಸುವುದು. (ದಿವಾಕರರ ನಂತರ ಬಂದ ಕೇಸ್ಕರರು ಸಿನಿಮಾ ಹಾಡನ್ನು ಆಕಾಶವಾಣಿಯ ಹೊಸ್ತಿಲ ಹೊರಗೆ ನಿಲ್ಲಿಸಿದರು, ದೇಶವೆಲ್ಲ ಮುಳ್ಳು ತಿರುಗಿಸಿ ಸಿಲೋನ್ ಹಚ್ಚಿತು. ಜನರ ಕಿವಿಯನ್ನು ತಿದ್ದಲು ಹೊರಟ ಮಂತ್ರಿಗೆ ಜನ ಕೊಡುವ ಉತ್ತರ ಇಷ್ಟೇ.)

*

ರಾಜಭವನಕ್ಕೆ ಹೋದ ಮೇಲೆ ಕೈಕಟ್ಟಿ ಕೂಡುವವರೇ ಹೆಚ್ಚು. ದಿವಾಕರರು ಬಿಹಾರದ ಇತಿಹಾಸದ ಮೇಲೆ ವಿದ್ವಾಂಸರಿಂದ ಲೇಖನಗಳನ್ನು ಬರೆಸಿ, ಜೋಡಿಸಿ, ‘ಬಿಹಾರ್ ಥ್ರೂ ದಿ ಏಜಸ್’ ಎಂಬ ದಪ್ಪ ಗ್ರಂಥ ಸಂಪಾದಿಸಿದರು. ಸುಮಾರು ಹತ್ತು ವರ್ಷದ ನಂತರ ಕರ್ನಾಟಕಕ್ಕೂ ಅಂಥದೇ ಒಂದು. ಮಗಧದ ಚರಿತ್ರೆಗೆ ಧಾರವಾಡದ ಸಂಪಾದಕ! ಹಳೆಯ ಕಸುಬು ಹೋಗುವುದಿಲ್ಲ. ಎದುರಿಗೆ ಯಾವ ರಾಜ್ಯ ಇಟ್ಟರೂ ಅವರು ಅದನ್ನು ಅಧ್ಯಾಯಗಳಾಗಿ ವಿಂಗಡಿಸಿ ಅಚ್ಚಿಗೆ ಕಳಿಸುತ್ತಿದ್ದರೇನೋ.

*

ಒಡೆಯನಿಲ್ಲದ ಪತ್ರಿಕೆಯ ಕನಸು ಅವರದು. ‘ಸಂಯುಕ್ತ ಕರ್ನಾಟಕ’, ‘ಕರ್ಮವೀರ’ ಎರಡನ್ನೂ ಲೋಕ ಶಿಕ್ಷಣ ಟ್ರಸ್ಟಿನ ಅಡಿ ತಂದರು. ಪತ್ರಿಕೆ ಯಾರ ಆಸ್ತಿಯೂ ಆಗಬಾರದು, ಅದು ಜನರಿಗೆ ಪಾಠಶಾಲೆ ಎಂಬ ನಂಬಿಕೆ ಆ ಹೆಸರಿನಲ್ಲೇ ಇದೆ. ಆದಾಯ ತೆರಿಗೆಯವರು ಆ ನಂಬಿಕೆಯನ್ನು ಒಪ್ಪಲಿಲ್ಲ. ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. ಟ್ರಸ್ಟಿನ ಏಕೈಕ ಧರ್ಮದರ್ಶಿಯಾಗಿ ದಿವಾಕರರೇ ವಾದಿ. 1975ರ ಆಗಸ್ಟ್‌ನಲ್ಲಿ ಬಂದ ತೀರ್ಪು ಅವರ ವಿರುದ್ಧವಾಯಿತು. ಶಿಕ್ಷಣವೆಂದರೆ ಕ್ರಮವಾಗಿ ಕಲಿಸುವುದು, ಪತ್ರಿಕೆ ಓದಿ ತಿಳಿವಳಿಕೆ ಹೆಚ್ಚಿದರೆ ಅದು ಆ ಅರ್ಥದ ಶಿಕ್ಷಣವಲ್ಲ, ಪತ್ರಿಕೆ ನಡೆಸುವುದು ಲಾಭ ತರುವ ಚಟುವಟಿಕೆ, ಹಾಗಾಗಿ ತೆರಿಗೆ ಕಟ್ಟಬೇಕು. ಕಾನೂನಿನ ಲೆಕ್ಕದಲ್ಲಿ ತೀರ್ಪು ಸರಿಯೇ ಇರಬಹುದು. ಆದರೆ ತಾರೀಖು ನೋಡಿ. ತುರ್ತು ಪರಿಸ್ಥಿತಿ ಹೇರಿ ಎರಡು ತಿಂಗಳಾಗಿತ್ತು. ದೇಶದ ಪತ್ರಿಕೆಗಳೆಲ್ಲ ಸೆನ್ಸಾರ್ ಅಧಿಕಾರಿಗೆ ಪ್ರೂಫ್ ತೋರಿಸಿ ಅಚ್ಚು ಹಾಕುತ್ತಿದ್ದವು. ಪತ್ರಿಕೆ ಓದಿದರೆ ಜನ ಏನೂ ಕಲಿಯುವುದಿಲ್ಲ ಎಂದು ಸರ್ಕಾರ ನಿಜವಾಗಿ ನಂಬಿದ್ದರೆ ಆ ಅಧಿಕಾರಿಗಳಿಗೆ ಸಂಬಳ ಯಾಕೆ ಕೊಡುತ್ತಿತ್ತು?

*

ಸಂಪಾದಕನ ಹೆಸರು ಮೊದಲ ಪುಟದಲ್ಲಿ ಸುದ್ದಿಯಾಗಿ ಬಂದ ದಿನ ಅವನ ಪತ್ರಿಕೆಯ ವಯಸ್ಸು ಎಣಿಸಲು ಶುರು ಮಾಡಬೇಕು.

*

ಎದುರು ದಿಕ್ಕಿಗೆ ನಡೆದವರೂ ಇದ್ದಾರೆ. ವಿಜಯಪುರದ ಫ.ಗು. ಹಳಕಟ್ಟಿಯವರು ವಕೀಲರು, ಮುಂಬಯಿ ಶಾಸನಸಭೆಗೂ ಹೋಗಿಬಂದವರು. ಆ ದಾರಿಯಲ್ಲೇ ಮುಂದೆ ಹೋಗಿದ್ದರೆ ಕುರ್ಚಿಗೆ ಕೊರತೆ ಇರಲಿಲ್ಲ. ಅವರು ತಿರುಗಿ ಬಂದು ಅಚ್ಚಿನ ಮನೆ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ತಂದರು, ‘ನವಕರ್ನಾಟಕ’ ವಾರಪತ್ರಿಕೆ ನಡೆಸಿದರು, ತಾಡೋಲೆಗಳಲ್ಲಿ ಕೂತಿದ್ದ ವಚನಗಳನ್ನು ಬೀದಿಗೆ ತಂದರು. ಮನೆ ಮಾರಿದರು. ಹರಿದ ಕೋಟಿಗೆ ತೇಪೆ ಹಾಕಿಕೊಂಡು ಸೈಕಲ್ ತುಳಿಯುತ್ತ ಊರಲ್ಲಿ ಓಡಾಡಿದರು. ಕೂಡಲಸಂಗಮ ನಮ್ಮ ಹುನಗುಂದ ತಾಲ್ಲೂಕಿನಲ್ಲೇ ಇದೆ. ಇವತ್ತು ಅಲ್ಲಿ ವೇದಿಕೆ ಹತ್ತಿ ವಚನ ಹೇಳುವ ಯಾವ ಮಂತ್ರಿಯೂ ಆ ಸೈಕಲ್ಲಿನ ಸಾಲ ತೀರಿಸಿಲ್ಲ.

ದಿವಾಕರರೂ ವಚನಗಳ ಮೇಲೆ ‘ವಚನಶಾಸ್ತ್ರ ರಹಸ್ಯ’ ಎಂಬ ದೊಡ್ಡ ಗ್ರಂಥ ಬರೆದರು. ಒಬ್ಬರು ದಿಲ್ಲಿಗೆ ಹೋದರು, ಇನ್ನೊಬ್ಬರು ವಿಜಯಪುರದ ಓಣಿಯಲ್ಲಿ ಉಳಿದರು. ಇಬ್ಬರಲ್ಲಿ ಯಾರು ದೊಡ್ಡವರು ಎಂಬ ಪ್ರಶ್ನೆ ನನಗೆ ಬೇಡ. ಯಾರಿಗೆ ಅಧಿಕಾರ ಬೇಕಿರಲಿಲ್ಲ ಎಂಬುದು ಮಾತ್ರ ಸ್ಪಷ್ಟ.

*

‘ಪಾಪು’ ಎಂದೇ ಹೆಸರಾದ ಪಾಟೀಲ ಪುಟ್ಟಪ್ಪನವರದು ಬೇರೆಯೇ ಗತ್ತು. ಹಾವೇರಿ ಕಡೆಯ ಕುರುಬಗೊಂಡದವರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪತ್ರಿಕೋದ್ಯಮ ಓದಿ ಬಂದು ಹುಬ್ಬಳ್ಳಿಯಲ್ಲಿ ಕೂತರು. ‘ವಿಶಾಲ ಕರ್ನಾಟಕ’, ‘ನವಯುಗ’ ನಡೆಸಿ, 1954ರಲ್ಲಿ ‘ಪ್ರಪಂಚ’ ತೆಗೆದರು. ಆ ಹೊತ್ತಿನ ಹುಬ್ಬಳ್ಳಿ ಇನ್ನೂ ಕುದಿಯುತ್ತಿತ್ತು. ಅದರ ಹಿಂದಿನ ವರ್ಷ ಅದರಗುಂಚಿ ಶಂಕರಗೌಡ ಪಾಟೀಲರು ಕರ್ನಾಟಕದ ಏಕೀಕರಣಕ್ಕಾಗಿ ಉಪವಾಸ ಕೂತಿದ್ದರು, ಏಪ್ರಿಲ್ 19ರಂದು ಊರು ಹೊತ್ತಿ ಉರಿದಿತ್ತು.

1962ರಿಂದ 1974ರವರೆಗೆ ಹನ್ನೆರಡು ವರ್ಷ ಪಾಪು ರಾಜ್ಯಸಭೆಯಲ್ಲಿದ್ದರು. ಮೈಸೂರು ರಾಜ್ಯ ಕರ್ನಾಟಕವಾದ 1973ರಲ್ಲಿ ಅವರು ಸಂಸತ್ತಿನಲ್ಲೇ ಇದ್ದರು. ವಿಚಿತ್ರ ಎಂದರೆ ಇವತ್ತು ಅವರನ್ನು ಯಾರೂ ‘ಮಾಜಿ ಸಂಸದ’ ಎಂದು ನೆನೆಯುವುದಿಲ್ಲ. ಕನ್ನಡ ಕಾವಲು ಸಮಿತಿಯ ಪಾಪು, ಗೋಕಾಕ ಚಳವಳಿಯ ಪಾಪು, ಧಾರವಾಡದ ವಿದ್ಯಾವರ್ಧಕ ಸಂಘದ ಪಾಪು, ಬೆಳಗಾವಿಯಲ್ಲಿ 2003ರ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪಾಪು, ಇವರೇ ಜನಕ್ಕೆ ಗೊತ್ತು. ಸಂಸತ್ತು ಅವರ ಬದುಕಿನಲ್ಲಿ ಒಂದು ಅಧ್ಯಾಯ ಮಾತ್ರ. ದಿಲ್ಲಿಯಿಂದ ಮರಳಿದ ಮೇಲೆ ಮಾತಿನ ಖಾರ ಕಡಿಮೆಯಾಗದ ಒಬ್ಬ ಮನುಷ್ಯನನ್ನು ನಾವು ನೋಡಿದ್ದೇವೆ ಎಂಬುದೇ ಒಂದು ಸಮಾಧಾನ. ಅವರ ಖಾರ ಕೆಲವು ಸಲ ಅನ್ಯಾಯವಾಗಿ ಬೀಳುತ್ತಿತ್ತು, ಅದೂ ನಿಜ. 2020ರ ಮಾರ್ಚ್ 16ರಂದು ಅವರು ಹೋದಾಗ ಯಾವ ಪಕ್ಷದವರೂ ಅವರನ್ನು ತಮ್ಮವರೆಂದು ಪೂರ್ತಿ ಹೇಳಿಕೊಳ್ಳುವಂತಿರಲಿಲ್ಲ.

*

ಪಕ್ಷಕ್ಕೆ ಹೋದ ಪತ್ರಕರ್ತನಿಗೆ ಮೊದಲು ಮರೆತುಹೋಗುವುದು ‘ಎಂದು ಹೇಳಲಾಗಿದೆ’ ಎಂಬ ಪದಪುಂಜ. ಆಮೇಲೆ ಅವನಿಗೆ ಎಲ್ಲವೂ ಖಚಿತ.

*

ಬಾಗಲಕೋಟೆಯ ಮತದಾರನಿಗೆ ದಿಲ್ಲಿಯ ಹೆಸರು ಸಾಲದು. 1991ರ ಲೋಕಸಭೆ ಚುನಾವಣೆಯಲ್ಲಿ ಇಲ್ಲಿ ನಿಂತಿದ್ದವರು ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ. ದೇಶದ ಇಂಗ್ಲಿಷ್ ಪತ್ರಿಕೆಗಳ ಕಣ್ಮಣಿ, ಪ್ರಧಾನಿ ಪದವಿಗೆ ತಕ್ಕವರೆಂದು ಅವರ ಬಗ್ಗೆ ಅಂಕಣ ಬರೆಸಿಕೊಂಡವರು. ಎದುರಿಗಿದ್ದ ಸಿದ್ದು ನ್ಯಾಮಗೌಡರ ಹೆಸರು ದಿಲ್ಲಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಜಮಖಂಡಿ ಕಡೆಯ ರೈತರನ್ನು ಕೂಡಿಸಿಕೊಂಡು ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ ಮನುಷ್ಯ. ಹೆಗಡೆ ಸೋತರು, ನ್ಯಾಮಗೌಡರು ಗೆದ್ದು ಕೇಂದ್ರದಲ್ಲಿ ಮಂತ್ರಿಯೂ ಆದರು. ಕಟ್ಟಿದ ಗೋಡೆಯ ಎದುರು ಬರೆದ ಅಂಕಣಕ್ಕೆ ಇಲ್ಲಿ ಯಾವತ್ತೂ ಠೇವಣಿ ಉಳಿದಿಲ್ಲ. ಪೆನ್ನಿನ ಬಲದಿಂದ ಲೋಕಸಭೆಗೆ ಹೋಗಬೇಕೆನ್ನುವ ತರುಣರು ಈ ಜಿಲ್ಲೆಯ ಆ ಫಲಿತಾಂಶವನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

*

ಈಚೆಗೆ ದಾರಿ ಎರಡೂ ಕಡೆ ತೆರೆದಿದೆ. ವಿಜಯ ಸಂಕೇಶ್ವರರು ಸಂಸದರಾಗಿದ್ದುಕೊಂಡೇ ದಿನಪತ್ರಿಕೆ ಕಟ್ಟಿದರು. ಅದೇ ‘ವಿಜಯ ಕರ್ನಾಟಕ’ದಲ್ಲಿ ಅಂಕಣ ಬರೆದ ಪ್ರತಾಪ ಸಿಂಹ 2014ರಲ್ಲಿ ಮೈಸೂರಿನಿಂದ ಲೋಕಸಭೆಗೆ ಹೋದರು, 2019ರಲ್ಲಿ ಮತ್ತೆ ಗೆದ್ದರು, 2024ರಲ್ಲಿ ಟಿಕೆಟ್ ಸಿಗಲಿಲ್ಲ. ಹಳೆಯ ಕಾಲದಲ್ಲಿ ಪತ್ರಿಕೆಯಿಂದ ರಾಜಕಾರಣಕ್ಕೆ ಹೋಗಲು ನಡುವೆ ಜೈಲು ಎಂಬ ನಿಲ್ದಾಣ ಇತ್ತು. ಈಗ ನೇರ ಬಸ್ಸು.

*

ಅಂಕಣಕಾರನಿಗೆ ಓದುಗರು ಇರುತ್ತಾರೆ, ಸಂಸದನಿಗೆ ಅರ್ಜಿದಾರರು. ಇಬ್ಬರೂ ಒಂದೇ ಜನ ಎಂದು ತಿಳಿದವನು ಎರಡನೇ ಚುನಾವಣೆಯಲ್ಲಿ ಬೆವರುತ್ತಾನೆ.

*

ನಮ್ಮ ಕಡೆ ತಾಲ್ಲೂಕು ವರದಿಗಾರನೊಬ್ಬ ಪಂಚಾಯ್ತಿ ಚುನಾವಣೆಗೆ ನಿಲ್ಲುವ ಮಾತು ತೆಗೆದ. ಚಹಾದಂಗಡಿಯ ಬೆಂಚಿನ ಮೇಲಿದ್ದ ಹಿರಿಯರೊಬ್ಬರು ಪೇಪರ್ ಮಡಚಿಟ್ಟು ಅಂದರು: “ನಿಲ್ಲು ತಮ್ಮಾ, ನಾ ಬ್ಯಾಡ ಅನ್ನಂಗಿಲ್ಲ. ಇಷ್ಟ ದಿನ ನೀ ಕೇಳಾಂವ ಇದ್ದಿ, ಇನ್ಮ್ಯಾಗ ಹೇಳಾಂವ ಆಕ್ಕಿ. ಕೇಳಾಕ ಇಲ್ಲಿ ಯಾರನ್ನ ಇಟ್ಟ ಹೊಂಟಿ?”

ಅವನು ನಕ್ಕ. “ಕಾಕಾ, ನೀವ ಅದೀರಲ್ಲ.”

“ನಾ ಕೇಳಿದ್ರ ಪೇಪರ್‌ನ್ಯಾಗ ಬರೂದಿಲ್ಲಲೇ.”

*

ದಿವಾಕರರ ಬಗ್ಗೆ ನನಗೆ ಗೌರವ ಇದೆ, ತಕರಾರೂ ಇದೆ. ಅವರು ದಿಲ್ಲಿಗೆ ಹೋದಾಗ ಹುಬ್ಬಳ್ಳಿಯಲ್ಲಿ ಮೊಹರೆ ಹನುಮಂತರಾಯರಂಥ ಸಂಪಾದಕರು ‘ಸಂಯುಕ್ತ ಕರ್ನಾಟಕ’ವನ್ನು ಹೊತ್ತು ನಿಂತಿದ್ದರು. ಕುರ್ಚಿ ಖಾಲಿ ಬೀಳಲಿಲ್ಲ. ಅದು ಆ ಕಾಲದ ಭಾಗ್ಯ. ಹೋದವರನ್ನು ಅಳೆಯುವ ಮೊದಲು ಉಳಿದವರ ಹೆಸರು ನೆನೆಯಬೇಕು. ನಾವು ಅದನ್ನು ಮಾಡುವುದಿಲ್ಲ, ಮೊಹರೆಯವರ ಹೆಸರು ಇವತ್ತು ಎಷ್ಟು ಪತ್ರಕರ್ತರಿಗೆ ಗೊತ್ತು?

*

ರಾಮಥಾಳದ ಹೆಸರು ಒಮ್ಮೆ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ, ಹುನಗುಂದ ತಾಲ್ಲೂಕಿನ 24,000 ಹೆಕ್ಟೇರು ಹೊಲಕ್ಕೆ ಪೈಪಿನಲ್ಲಿ ಹನಿಹನಿಯಾಗಿ ಕೊಡುವ ಯೋಜನೆ. ಏಷ್ಯಾದಲ್ಲೇ ದೊಡ್ಡದೆಂದು ತಲೆಬರಹಗಳು. ಇಸ್ರೇಲಿನ ತಂತ್ರಜ್ಞಾನ, ಮಂತ್ರಿಗಳ ಫೋಟೋ, ಹೊರಗಿನಿಂದ ನೋಡಲು ಬಂದವರ ಕಾರುಗಳು. ಉದ್ಘಾಟನೆಯ ವರದಿ ಬರೆಯುವುದು ಸುಲಭ, ಪ್ರೆಸ್ ನೋಟಿನಲ್ಲೇ ಅರ್ಧ ಇರುತ್ತದೆ. ಕಷ್ಟ ಇರುವುದು ಮೂರು ಬೇಸಿಗೆ ಕಳೆದ ಮೇಲಿನ ವರದಿಯಲ್ಲಿ. ಫಿಲ್ಟರ್ ತೊಳೆಯುವವರು ಯಾರು, ಲ್ಯಾಟರಲ್ ಪೈಪು ಇಲಿ ಕಡಿದರೆ ಹಣ ಯಾರದು, ಸರದಿ ಬಿಟ್ಟು ನೀರು ತಿರುಗಿಸಿಕೊಂಡವನ ಹೆಸರು ಯಾರು ಹೇಳಬೇಕು, ಕಡಲೆ ಜೋಳ ಬೆಳೆಯುತ್ತಿದ್ದವನು ಮೆಣಸಿನಕಾಯಿಗೆ ತಿರುಗಿದನೋ ಇಲ್ಲವೋ, ಕೊನೆಯ ಹೊಲಕ್ಕೆ ಒತ್ತಡ ಎಷ್ಟು. ಇದನ್ನು ಬರೆಯಲು ಬಿಸಿಲಲ್ಲಿ ಬದುವಿನ ಮೇಲೆ ನಡೆಯಬೇಕು, ಇಲಾಖೆಯ ಎಂಜಿನಿಯರನ ಮುಂದೆ ನಿಂತು ಹಾಳೆ ಕೇಳಬೇಕು, ಅವನು ನಾಳೆ ಬನ್ನಿ ಅಂದರೆ ನಾಳೆ ಹೋಗಬೇಕು. ವಿಧಾನಸಭೆಯಲ್ಲಿ ಇದೇ ಪ್ರಶ್ನೆಗಳನ್ನು ಚುಕ್ಕೆ ಗುರುತು ಹಾಕಿ ಕೇಳಬಹುದು, ಮಂತ್ರಿಗಳು ಸದನದಲ್ಲಿ ನಿಂತು ಉತ್ತರ ಓದುತ್ತಾರೆ. ಆ ಉತ್ತರದಲ್ಲಿರುವ ಹೆಕ್ಟೇರುಗಳನ್ನು ಹೊಲಕ್ಕೆ ಹೋಗಿ ಎಣಿಸಿ ಬರಲು ಹುನಗುಂದದಲ್ಲಿ ಒಬ್ಬ ವರದಿಗಾರ ಉಳಿದಿರಬೇಕು, ಅವನಿಗೆ ತಿಂಗಳ ಸಂಬಳವೂ ಸಿಗುತ್ತಿರಬೇಕು.